ಮೇಲಿನ ಕೋಣೆ ತಂಗಿಯದು

12 ಜೂನ್ 1988

ಅಣ್ಣನಿಗೆ,

ನೀನು ಕಳಿಸಿದ ಕಾಗದಕ್ಕೆ ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಸಾಕ್ಷಿಯಾಗಿ ನಮ್ಮ ಕನ್ನಡಕದ ಅಂಗಡಿಯ ಯಜಮಾನರು ಸಹಿ ಹಾಕಿದ್ದಾರೆ. ಹಾಕುವ ಮೊದಲು ಎರಡು ಸಲ ಓದಿದರು. "ಏನಮ್ಮ, ಅಪ್ಪನ ಮನೇಲಿ ನಿನಗೆ ಬರೋ ಭಾಗ ಪೂರ್ತಿ ಬಿಟ್ಟುಕೊಡ್ತಿದೀಯಲ್ಲ, ಯೋಚನೆ ಮಾಡಿದೀಯಾ?" ಎಂದು ಕೇಳಿದರು. "ನಮ್ಮಣ್ಣ ಸರ್, ಬೇರೆ ಯಾರೂ ಅಲ್ಲ" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು.

ಮನೆ ಒಂದೇ ಹೆಸರಿನಲ್ಲಿದ್ದರೆ ಮಹಡಿ ಕಟ್ಟಲು ಬ್ಯಾಂಕಿನವರು ಬೇಗ ಸಾಲ ಕೊಡುತ್ತಾರೆ ಎಂದು ಬರೆದಿದ್ದೆ. ಸರಿ. "ಮೇಲಿನ ಕೋಣೆ ನಿನ್ನದೇ, ಯಾವಾಗ ಬಂದರೂ, ಎಷ್ಟು ದಿನ ಇದ್ದರೂ" ಎಂದೂ ಬರೆದಿದ್ದೆ. ಅದನ್ನೂ ಆ ಕಾಗದದಲ್ಲೇ ಸೇರಿಸು ಎಂದು ಕೇಳೋಣ ಅನ್ನಿಸಿತು. ಕೇಳಿದರೆ ಒಂದು ತಿಂಗಳು ಮುಖ ಊದಿಸಿಕೊಂಡಿರುತ್ತೀಯ ಎಂದು ಸುಮ್ಮನಾದೆ.

ನನ್ನ ಬಾಡಿಗೆ ಕೋಣೆ ಚೆನ್ನಾಗಿದೆ. ಕಿಟಕಿ ಒಂದು, ಕಟ್ಟಳೆ ನೂರು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ನೆಂಟರು ಎರಡು ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಏನಾದರೂ ಕೆಟ್ಟರೆ ನಾವು ಮುಟ್ಟಬಾರದು, ಹೇಳಬೇಕು, ಅವರು ಬರುತ್ತಾರೆ. ಯಾವಾಗ ಎಂದು ಕೇಳುವ ಹಾಗಿಲ್ಲ. ಅತ್ತಿಗೆಗೆ, ತೆವಳಲು ಶುರು ಮಾಡಿರುವ ಮಗುವಿಗೆ ನನ್ನ ನೆನಪು ಹೇಳು.

ಚೋಟು


30 ಜೂನ್ 1988

ಚೋಟು,

ಕಾಗದ ತಲುಪಿತು. ಸಾಲ ಮಂಜೂರಾಯಿತು. ಮಹಡಿಯ ಗೋಡೆ ಸೊಂಟದ ಎತ್ತರಕ್ಕೆ ಬಂದಿದೆ. ನಿನ್ನ ಕೋಣೆಗೆ ನೀರಿನ ಪೈಪನ್ನು ನಾನೇ ಕೂತು ಎಳೆದಿದ್ದೇನೆ, ಕೆಳಗಿನದಕ್ಕೂ ಅದಕ್ಕೂ ಸಂಬಂಧವಿಲ್ಲ. ಅತ್ತಿಗೆ ಕೆಳಗೆ ಪಾತ್ರೆ ತೊಳೆಯುತ್ತಿದ್ದರೂ ಮೇಲೆ ನಿನಗೆ ನೀರು ಕಮ್ಮಿಯಾಗುವುದಿಲ್ಲ. ಇಂಥ ಕೆಲಸ ದುಡ್ಡು ಕೊಟ್ಟವರಿಗೂ ಮಾಡಿಕೊಡುವುದಿಲ್ಲ ನಾನು.

ನೀನು ಮಾತ್ರ ಬಾಡಿಗೆಯಲ್ಲೇ ಕಾಲ ಹಾಕಬೇಡ. ಬಾಡಿಗೆ ಕೊಡುವುದೂ ತೂತು ಬಕೆಟ್ಟಿಗೆ ನೀರು ಹಿಡಿಯುವುದೂ ಒಂದೇ. ಎರಡು ವರ್ಷ ಕೈ ಬಿಗಿ ಹಿಡಿದು ಸ್ವಂತಕ್ಕೆ ಏನಾದರೂ ಮಾಡಿಕೋ. ನನ್ನ ಜೊತೆ ಕೆಲಸ ಕಲಿತವರೆಲ್ಲ ಮಾಡಿಕೊಂಡಿದ್ದಾರೆ.

ಅಣ್ಣ


4 ಮಾರ್ಚ್ 1997

ಅಣ್ಣನಿಗೆ,

ಮೇಲಿರುವ ವಿಳಾಸ ನೋಡಿ ಗಾಬರಿಯಾಗಬೇಡ. ಇದು ನಾಲ್ಕನೆಯ ಮನೆ. ಹಿಂದಿನ ಮನೆಯವರ ಮಗಳಿಗೆ ಮದುವೆಯಾಯಿತು, ಕೋಣೆ ಬೇಕೆಂದರು. ಅದರ ಹಿಂದಿನವರು ಕಾರಣ ಹೇಳುವ ಗೋಜಿಗೇ ಹೋಗಿರಲಿಲ್ಲ. ಈಗ ನನ್ನ ಸಾಮಾನೆಲ್ಲ ಒಂಬತ್ತು ಡಬ್ಬದಲ್ಲಿ ಹಿಡಿಸುತ್ತದೆ, ಯಾವುದರಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ನಿನ್ನ ಮಾತು ಕೇಳಿ ಬ್ಯಾಂಕಿಗೂ ಹೋಗಿದ್ದೆ. ಅಲ್ಲಿದ್ದಾತ ನನ್ನ ಸಂಬಳದ ಚೀಟಿ ನೋಡಿ, "ಯಜಮಾನರನ್ನ ಕರ್ಕೊಂಡು ಬನ್ನಿ ಮೇಡಂ" ಅಂದ. ಅಂಗಡಿಯ ಯಜಮಾನರೇ ಎಂದು ಕೇಳಿದೆ. "ಅಲ್ಲ, ಮನೆಯವರು" ಅಂದ. ಮನೆ ಇಲ್ಲ ಅಂತಲೇ ಬಂದಿದ್ದೇನಪ್ಪ, ಮನೆಯವರನ್ನು ಎಲ್ಲಿಂದ ತರಲಿ ಅಂದೆ. ಅವನಿಗೆ ನಗು ಬರಲಿಲ್ಲ. ನನಗೂ ಆಮೇಲೆ ಬರಲಿಲ್ಲ.

ಹತ್ತು ವರ್ಷದಿಂದ ಊರವರ ಕಣ್ಣಿಗೆ ಗಾಜು ಉಜ್ಜಿ ಕೂರಿಸುತ್ತಿದ್ದೇನೆ. ಕೂದಲೆಳೆಯಷ್ಟು ತಪ್ಪಿದರೂ ವಾಪಸು ಕೊಟ್ಟು ಹೋಗುತ್ತಾರೆ, ನನ್ನ ಕೈಯಿಂದ ಹಾಗೆ ವಾಪಸು ಬಂದದ್ದು ಬೆರಳಲ್ಲಿ ಎಣಿಸುವಷ್ಟು. ಆದರೂ ಒಂದು ಬಾಗಿಲಿಗೆ ಸ್ವಂತ ಬೀಗ ಹಾಕಿಕೊಳ್ಳುವ ಯೋಗ್ಯತೆ ನನಗಿಲ್ಲವಂತೆ. ನಿಜವಾಗಿಯೂ ಬೇಜಾರಾಯಿತು ಅಣ್ಣ.

ಚೋಟು


19 ಮಾರ್ಚ್ 1997

ಚೋಟು,

ಬ್ಯಾಂಕು ಒಂದೇ ಇರುವುದಲ್ಲ. ನೀನು ಒಂದು ಸಲ ಹೋಗಿ ಕೈ ಚೆಲ್ಲಿದೆ. ಈ ವರ್ಷ ಒಂದೇ ಬಡಾವಣೆಯಲ್ಲಿ ನಲವತ್ತು ಹೊಸ ಮನೆಗೆ ನಲ್ಲಿ ಹಾಕಿದ್ದೇನೆ, ನಲವತ್ತೂ ಕಟ್ಟಿದವರದ್ದೇ. ಅವರಲ್ಲಿ ಬಸ್ ಕಂಡಕ್ಟರ್ ಇದ್ದಾನೆ, ಸ್ಕೂಲಿನ ಅಡುಗೆಯವಳಿದ್ದಾಳೆ. ಮನಸ್ಸು ಮಾಡಿದರೆ ಆಗುತ್ತದೆ. ನೀನು ಪ್ರವಾಸಕ್ಕೆ ಹೋಗುವುದು, ಪುಸ್ತಕ ಕೊಳ್ಳುವುದು ಕಮ್ಮಿ ಮಾಡು.

ಮೇಲಿನ ಕೋಣೆ ಇದ್ದೇ ಇದೆ. ಅದನ್ನು ಮರೆಯಬೇಡ.

ಅಣ್ಣ


2 ನವೆಂಬರ್ 2011

ಚೋಟು,

ಪತ್ರ ಬರೆದು ಎಷ್ಟೋ ವರ್ಷವಾಯಿತು. ಫೋನಿದ್ದ ಮೇಲೆ ಯಾಕೆ ಎಂದುಕೊಂಡಿದ್ದೆ. ಈಗ ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ಕೇಳುವುದಿಲ್ಲ. ಮೂವತ್ತು ವರ್ಷ ಕಬ್ಬಿಣದ ಪೈಪು ಕುಟ್ಟಿದ್ದಕ್ಕೆ ಕಿವಿ ಮುಷ್ಕರ ಹೂಡಿದೆ. ನಾನು "ಹೂಂ, ಹೂಂ" ಅನ್ನುತ್ತೇನಲ್ಲ, ಅದೆಲ್ಲ ಸುಳ್ಳು ಎಂದು ನಿನ್ನ ಅತ್ತಿಗೆ ಹೇಳಿಕೊಟ್ಟುಬಿಟ್ಟಿದ್ದಾಳಂತೆ.

ಬೀದಿ ಗುರುತು ಸಿಗದ ಹಾಗಾಗಿದೆ. ಎದುರಿನ ಮೂರು ಮನೆ ಒಬ್ಬನೇ ಕೊಂಡಿದ್ದಾನೆ, ಅವನ ಮುಖ ನಾನು ನೋಡಿಲ್ಲ. ಬಾಡಿಗೆಗೆ ಬಂದವರು ಹೆಸರು ಬಾಯಿಗೆ ರೂಢಿಯಾಗುವ ಮೊದಲೇ ಸಾಮಾನು ಕಟ್ಟುತ್ತಾರೆ. ಮಗಳು ಎರಡು ವರ್ಷದಿಂದ ಸಂಬಳ ತರುತ್ತಿದ್ದಾಳೆ, ನಾನು ಆ ವಯಸ್ಸಿನಲ್ಲಿ ತರುತ್ತಿದ್ದದ್ದಕ್ಕಿಂತ ಎಷ್ಟೋ ಹೆಚ್ಚು. ಆದರೂ ಮನೆಯ ಮಾತೆತ್ತಿದರೆ ನಗುತ್ತಾಳೆ. "ಅಪ್ಪಾ, ನಿಮ್ಮ ಕಾಲ ಮುಗೀತು" ಅನ್ನುತ್ತಾಳೆ. ನನಗೆ ಅರ್ಥವಾಗುವುದಿಲ್ಲ. ಪೈಪಿನಲ್ಲಿ ನೀರಿದೆ, ನಲ್ಲಿಗೆ ಬರುತ್ತಿಲ್ಲ. ಎಲ್ಲಿ ಕಟ್ಟಿಕೊಂಡಿದೆ?

ಅಣ್ಣ


20 ನವೆಂಬರ್ 2011

ಅಣ್ಣನಿಗೆ,

ಅವಳಿಗೆ ಪ್ರವಾಸ, ಪುಸ್ತಕ ಕಮ್ಮಿ ಮಾಡಲು ಹೇಳು.

ತಮಾಷೆಗೆ ಬರೆದೆ. ಪೂರ್ತಿ ತಮಾಷೆಯೂ ಅಲ್ಲ. ಹದಿನಾಲ್ಕು ವರ್ಷದ ಹಿಂದೆ ನೀನು ಹಾಗೆ ಬರೆದಾಗ ನಾನು ಆ ಪತ್ರ ಹರಿದು ಹಾಕಿ, ಆಮೇಲೆ ನಿನಗೆ ಉದ್ದದ ಪತ್ರ ಬರೆಯುವುದನ್ನೇ ಬಿಟ್ಟೆ. ನಿನಗದು ಗೊತ್ತಾಗಲೇ ಇಲ್ಲ.

ಚೋಟು


8 ಆಗಸ್ಟ್ 2022

ಅಣ್ಣನಿಗೆ,

ಈ ವರ್ಷದ ಕೊನೆಗೆ ಅಂಗಡಿ ಬಿಡುತ್ತೇನೆ. ಗಾಜು ಕತ್ತರಿಸುವುದು, ಉಜ್ಜುವುದು ಎಲ್ಲ ಈಗ ಯಂತ್ರಕ್ಕೆ ಹೋಗಿದೆ. ನಾನು ಗಾಜನ್ನು ಚೌಕಟ್ಟಿಗೆ ಕೂರಿಸಿ, ಮೂಗಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡಿ ಕಳಿಸುವವಳು, ಅಷ್ಟೆ. ಸಾಕೆನಿಸಿದೆ. ಇದೇ ಹೊತ್ತಿಗೆ ನಮ್ಮ ಕಟ್ಟಡವನ್ನೂ ಮಾರಿದ್ದಾರೆ. ಕೊಂಡವರು ಒಡೆದು ಹೊಸದು ಕಟ್ಟುತ್ತಾರಂತೆ. ಮಾರ್ಚಿಗೆ ಖಾಲಿ ಮಾಡಬೇಕು. ಬೇರೆ ಮನೆ ನೋಡಲು ಹೋದರೆ ಮೊದಲು ವಯಸ್ಸು ಕೇಳುತ್ತಾರೆ, ಆಮೇಲೆ ಜೊತೆಗೆ ಯಾರಿದ್ದಾರೆ ಎನ್ನುತ್ತಾರೆ, ಆಮೇಲೆ ನೋಡಿ ಹೇಳ್ತೀವಿ ಎನ್ನುತ್ತಾರೆ. ಐದು ಕಡೆ ಇದೇ ಆಯಿತು.

ಆದ್ದರಿಂದ ಮೂವತ್ತನಾಲ್ಕು ವರ್ಷ ಬಿಟ್ಟು ಮೇಲಿನ ಕೋಣೆ ಕೇಳುತ್ತಿದ್ದೇನೆ. ಅಲ್ಲಿಗೆ ಬಂದೇ ನಾಲ್ಕು ವರ್ಷವಾಯಿತು, ಅದರಲ್ಲಿ ಏನೇನು ತುಂಬಿದ್ದೀಯೋ ಗೊತ್ತಿಲ್ಲ. ಖಾಲಿ ಮಾಡಿಸಿ ಗೋಡೆಗೆ ತಿಳಿ ಹಳದಿ ಬಣ್ಣ ಹೊಡೆಸು, ಖರ್ಚು ನನ್ನದು. ಇಷ್ಟು ವರ್ಷ ಬೇರೆಯವರು ಆರಿಸಿದ ಬಿಳಿಯಲ್ಲೇ ಬದುಕಿದ್ದೇನೆ. ಒಂದು ಸಲ ನಾನೇ ಆರಿಸುತ್ತೇನೆ.

ಚೋಟು


27 ಆಗಸ್ಟ್ 2022

ಚೋಟು,

ನಿನ್ನ ಪತ್ರ ಬಂತು. ಅಂಗಡಿ ಬಿಡುವುದು ಒಳ್ಳೆಯದೇ.

ಕೋಣೆಯ ವಿಚಾರ ಸ್ವಲ್ಪ ತಡೆ. ಮೆಟ್ಟಿಲು ಕಡಿದು, ನಿನ್ನ ಮಂಡಿ ನೋವಿಗೆ ಆಗದು. ಹಳದಿ ಬಣ್ಣ ಈಗ ಆಗುವ ಹಾಗೆ ಕಾಣುವುದಿಲ್ಲ. ಒಂದು ವರ್ಷ ಅಲ್ಲೇ ಹತ್ತಿರದಲ್ಲಿ ಎಲ್ಲಾದರೂ ನೋಡಿಕೊಂಡರೆ ಹೇಗೆ? ಇಲ್ಲೂ ಎಲ್ಲ ಸರಿಯಾಗಿಲ್ಲ. ಬಚ್ಚಲಿನ ನಲ್ಲಿ ಮೂರು ವಾರದಿಂದ ಸೋರುತ್ತಿದೆ, ಹೇಳಿದ್ದೇನೆ, ಬಂದು ನೋಡುತ್ತಾರಂತೆ. ಅಡುಗೆಮನೆಯ ಗೋಡೆಯಲ್ಲಿ ತೇವ. ಇದರ ಮಧ್ಯೆ ನೀನು ಬಂದು ಯಾಕೆ ಕಷ್ಟಪಡುತ್ತೀಯ?

ಮಗಳು, ಅಳಿಯ ಚೆನ್ನಾಗಿದ್ದಾರೆ. ಅವರ ಫ್ಲಾಟಿನಲ್ಲಿ ಬೆಳಕು ಚೆನ್ನಾಗಿದೆ.

ಅಣ್ಣ


5 ಸೆಪ್ಟೆಂಬರ್ 2022

ಅಣ್ಣನಿಗೆ,

ಇದು ಅತ್ತಿಗೆಯ ಮಾತು ಎಂದು ನೇರವಾಗಿ ಬರೆದಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಮುಪ್ಪಿನಲ್ಲಿ ನಾದಿನಿ ಬಂದು ತಲೆಯ ಮೇಲೆ ಕೂರುತ್ತಾಳೆ ಎಂದು ಯಾರಿಗಾದರೂ ಅನ್ನಿಸಬಹುದು. ನೀನು ನನ್ನ ಮಂಡಿಯ ಮೇಲೆ ಹಾಕಬೇಡ. ನಾನು ಈಗಲೂ ಮೂರನೆಯ ಮಹಡಿಯಲ್ಲಿದ್ದೇನೆ, ಲಿಫ್ಟ್ ಇಲ್ಲ.

ಚೋಟು


14 ಸೆಪ್ಟೆಂಬರ್ 2022

ಚೋಟು,

ಅವಳ ತಪ್ಪೇನೂ ಇಲ್ಲ. ನಿನ್ನ ಪತ್ರ ಓದಿ ಅತ್ತುಬಿಟ್ಟಳು. "ನಾನೇ ಬರೀತೀನಿ ಅವಳಿಗೆ" ಎಂದು ಪೆನ್ನು ತಗೊಂಡಳು, ನಾನು ಬಿಡಲಿಲ್ಲ. ಸ್ವಲ್ಪ ದಿನ ಕೊಡು.

ಅಣ್ಣ


22 ಸೆಪ್ಟೆಂಬರ್ 2022

ಅಣ್ಣನಿಗೆ,

ಅತ್ತಿಗೆಯನ್ನು ಅಂದದ್ದು ತಪ್ಪಾಯಿತು, ಅವರಿಗೆ ಹೇಳು. ನಿನ್ನ ಆಗಸ್ಟಿನ ಪತ್ರವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ಸಿಟ್ಟಿನಲ್ಲಿ ಓದಿದ್ದೆ, ಹಾಗಾಗಿ ಕಣ್ಣೆದುರೇ ಇದ್ದದ್ದು ಕಾಣಲಿಲ್ಲ.

ನಲವತ್ತೈದು ವರ್ಷ ನಲ್ಲಿಯ ಕೆಲಸ ಮಾಡಿದವನು ನೀನು. ನಿನ್ನ ಬಚ್ಚಲಿನ ನಲ್ಲಿ ಮೂರು ವಾರ ಸೋರುತ್ತದೆ, ನೀನು ಯಾರಿಗೋ ಹೇಳಿ, ಅವರು ಬಂದು ನೋಡಲಿ ಎಂದು ಕಾಯುತ್ತೀಯ. "ಹೇಳಿದ್ದೇನೆ, ಬಂದು ನೋಡುತ್ತಾರಂತೆ." ಈ ವಾಕ್ಯ ನನಗೆ ಚೆನ್ನಾಗಿ ಗೊತ್ತು. ಏಳು ಮನೆಯಲ್ಲಿ ನಾನು ಬರೆದದ್ದೂ ಆಡಿದ್ದೂ ಇದನ್ನೇ. ಸ್ವಂತ ಮನೆಯಲ್ಲಿರುವವರು ಇದನ್ನು ಬರೆಯುವುದಿಲ್ಲ.

ಮನೆ ಮಾರಿದೆಯಾ?

ಚೋಟು


10 ಅಕ್ಟೋಬರ್ 2022

ಚೋಟು,

ಮಾರಿದೆ. ಮೂರು ವರ್ಷವಾಯಿತು.

ಮಗಳು, ಅಳಿಯ ಇಬ್ಬರೂ ದುಡಿದರೂ ಫ್ಲಾಟಿಗೆ ಮೊದಲು ಕಟ್ಟಬೇಕಾದದ್ದು ಅವರ ಕೈಗೆ ಎಟುಕುತ್ತಿರಲಿಲ್ಲ. ಇನ್ನೂ ಎರಡು ವರ್ಷ ಕಾದರೆ ಇನ್ನೂ ದೂರ ಹೋಗುತ್ತಿತ್ತು. ಅವಳು ಕೇಳಲಿಲ್ಲ. ನಾನೇ ಮಾಡಿದೆ. ಅವಳಾದರೂ ನಿನ್ನ ಹಾಗೆ ಡಬ್ಬ ಹೊತ್ತು ತಿರುಗಬಾರದು ಅನ್ನಿಸಿತು. ಇದನ್ನು ನಿನಗೇ ಬರೆಯಬೇಕಾಗಿ ಬಂತಲ್ಲ.

ಕೊಂಡವರು ಮೂಲೆಯ ಔಷಧದ ಅಂಗಡಿಯಮ್ಮ. "ನೀವು ಎಲ್ಲಿಗೂ ಹೋಗಬೇಡಿ, ಇಲ್ಲೇ ಬಾಡಿಗೆಗಿರಿ" ಎಂದರು, ಇದ್ದೇವೆ. ಮೇಲಿನ ಕೋಣೆಗೆ ಒಬ್ಬ ಡ್ರೈವರನ್ನು ಇಟ್ಟಿದ್ದಾರೆ. ಮೊದಲ ವರ್ಷ ಒಂದು ವಾಷರ್ ಬದಲಾಯಿಸಿದೆ. "ನೀವು ಮುಟ್ಟಬೇಡಿ, ನಮ್ಮ ಜನ ಇದ್ದಾರೆ" ಎಂದರು. ಅವರ ಜನ ಬಂದು ನಾನು ಎಳೆದ ಪೈಪು ಎಲ್ಲಿ ಹೋಗಿದೆ ಎಂದು ನನ್ನನ್ನೇ ಕೇಳಿದರು. ತೋರಿಸಿದೆ.

ಮಗಳಿಗೆ ನೀನು ಒಪ್ಪಿದ್ದೀಯ ಎಂದು ಹೇಳಿದ್ದೇನೆ. ನಿನಗೆ ಹೇಳಬೇಕೆಂದು ಎಷ್ಟೋ ಸಲ ಕೂತೆ. ಬಾಡಿಗೆಯನ್ನು ತೂತು ಬಕೆಟ್ಟು ಎಂದವನು ನಾನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಿನ್ನ ಕೋಣೆಯನ್ನು ನಿನ್ನ ಕೇಳದೆ ಮಾರಿದೆ. ಅದು ನನ್ನದಾಗಿರಲಿಲ್ಲ.

ಅಣ್ಣ


9 ಜನವರಿ 2023

ಅಣ್ಣನಿಗೆ,

ಮೂರು ತಿಂಗಳು ಉತ್ತರಿಸದೆ ಇದ್ದದ್ದು ಬೇಕೆಂದೇ. ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿದೆ, ಓದಿದ ಮೇಲೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದೆ. ಮೂವತ್ತೈದು ವರ್ಷದಲ್ಲಿ ಹಾಗೆ ಮಾಡಿರಲಿಲ್ಲ. ಅವತ್ತು ಎಷ್ಟು ಸಿಟ್ಟು ಬಂದಿತ್ತೆಂದರೆ, ಬರೆದಿದ್ದರೆ ನಮ್ಮ ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು.

ಸಿಟ್ಟು ಮಾರಿದ್ದಕ್ಕಲ್ಲ. ನಿನ್ನ ಮಗಳಿಗೆ ಕೊಟ್ಟದ್ದಕ್ಕೂ ಅಲ್ಲ, ಕೇಳಿದ್ದರೆ ನಾನೂ ಕೊಡು ಎಂದೇ ಅನ್ನುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೆ. ಪ್ರತಿ ಸಲ ಮನೆ ಖಾಲಿ ಮಾಡುವಾಗ, ಇರಲಿ, ಮೇಲಿನ ಕೋಣೆ ಇದೆ ಎಂದುಕೊಂಡೇ ಡಬ್ಬ ಕಟ್ಟುತ್ತಿದ್ದೆ. ಕೊನೆಯ ಮೂರು ವರ್ಷ ಅದು ಇರಲೇ ಇಲ್ಲ, ನನಗೆ ಮಾತ್ರ ಗೊತ್ತಿರಲಿಲ್ಲ.

ಈಗ ಕೆಲಸದ ಮಾತು. ಅಂಗಡಿ ಬಿಟ್ಟಾಯಿತು. ಮಾರ್ಚಿಗೆ ಇಲ್ಲಿಂದ ಏಳಬೇಕು, ಇನ್ನೂ ಎಲ್ಲೂ ಸಿಕ್ಕಿಲ್ಲ. ನಿನ್ನ ಸ್ಥಿತಿಯೂ ನೋಡೋಣ. ಬಾಡಿಗೆ ಕರಾರು ಎಷ್ಟು ವರ್ಷಕ್ಕೆ? ಬಿಡಿಸುವುದಾದರೆ ಎಷ್ಟು ತಿಂಗಳು ಮೊದಲು ಹೇಳಬೇಕು? ರಿಪೇರಿ ಯಾರದು? ರಸೀದಿ ಕೊಡುತ್ತಾರಾ? ಕರಾರಿನ ಒಂದು ಪ್ರತಿ ಕಳಿಸು.

ಚೋಟು


17 ಜನವರಿ 2023

ಚೋಟು,

ಕರಾರು ಇಲ್ಲ. ಬಾಯಿಮಾತು. ಅಪ್ಪ ಕಟ್ಟಿಸಿದ ಮನೆಯಲ್ಲಿ ನಾನಿರುವುದಕ್ಕೆ ಕಾಗದ ಯಾಕೆ ಅನ್ನಿಸಿತ್ತು. ರಸೀದಿ ಕೇಳಲು ಸಂಕೋಚ.

ಇನ್ನೊಂದು ವಿಷಯ. ಡ್ರೈವರ್ ಈ ತಿಂಗಳು ಬಿಟ್ಟು ಹೋಗುತ್ತಾನೆ. ಅಂಗಡಿಯಮ್ಮ ಮೇಲೆ ಕೆಳಗೆ ಎರಡನ್ನೂ ಒಂದೇ ಕುಟುಂಬಕ್ಕೆ ಕೊಡಬೇಕು ಅಂದುಕೊಂಡಿದ್ದಾರೆ. "ನೀವೂ ಎಲ್ಲಾದ್ರೂ ನೋಡ್ಕೊಳ್ಳಿ, ಅವಸರ ಇಲ್ಲ, ಎರಡು ತಿಂಗಳು ತಗೊಳ್ಳಿ" ಎಂದರು. ಮಗಳಿಗೆ ಹೇಳಿಲ್ಲ. ಅವಳ ಫ್ಲಾಟಿನಲ್ಲಿ ಒಂದು ಮಲಗುವ ಕೋಣೆ, ಇನ್ನೊಂದು ಮಗುವಿನದು. ಹೇಳಿದರೆ ನಡುಮನೆಯಲ್ಲಿ ಹಾಸಿಗೆ ಹಾಕುತ್ತಾಳೆ, ನನಗೆ ಬೇಡ.

ಬಾಡಿಗೆ ಮನೆ ಹುಡುಕುವುದು ಹೇಗೆ ಚೋಟು? ಎಲ್ಲಿಂದ ಶುರು ಮಾಡಬೇಕು? ನನಗೆ ಭಯವಾಗುತ್ತಿದೆ. ಅರವತ್ತಾರು ವರ್ಷ ನಾನು ಒಂದೇ ಬಾಗಿಲಲ್ಲಿ ಓಡಾಡಿದವನು.

ಅಣ್ಣ


26 ಫೆಬ್ರವರಿ 2023

ಅಣ್ಣನಿಗೆ,

ಹೋದ ಭಾನುವಾರ ನಿನಗೆ ಹೇಳದೆ ಬಂದಿದ್ದೆ. ಮನೆಗೆ ಬರಲಿಲ್ಲ. ಬಂದರೆ ಅತ್ತಿಗೆ ಊಟಕ್ಕೆ ಕೂರಿಸುತ್ತಾರೆ, ನೀನು ತಲೆ ತಗ್ಗಿಸಿ ಕೂರುತ್ತೀಯ, ಬಂದ ಕೆಲಸ ಕೆಡುತ್ತದೆ. ಬಸ್ಸಿಳಿದು ನೇರವಾಗಿ ಔಷಧದ ಅಂಗಡಿಗೆ ಹೋದೆ.

ಅಂಗಡಿಯಮ್ಮ ಕೆಟ್ಟವರಲ್ಲ. ಅವರ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಕೊಡಿ ಎಂದು ಇಸಿದುಕೊಂಡು, ಕಿವಿಯ ಹತ್ತಿರ ಸ್ವಲ್ಪ ಬಗ್ಗಿಸಿ ಕೊಟ್ಟೆ. "ಆರು ತಿಂಗಳಿಂದ ಹೀಗೇ ಇತ್ತಲ್ರೀ" ಎಂದು ಕುರ್ಚಿ ಹಾಕಿದರು. ಆಮೇಲೆ ನಾನು ಚೀಲದಿಂದ ಕಾಗದ ತೆಗೆದೆ. ಹಿಂದಿನ ನಾಲ್ಕು ಮನೆಯ ಯಜಮಾನರು ಬರೆದುಕೊಟ್ಟ ಪತ್ರ, ಮೂವತ್ತನಾಲ್ಕು ವರ್ಷದ ರಸೀದಿ. ಒಂದು ತಿಂಗಳೂ ತಡವಾಗಿಲ್ಲ. "ಮೇಲೆ ಕೆಳಗೆ ಒಂದೇ ಕುಟುಂಬಕ್ಕೆ ಕೊಡ್ಬೇಕು ಅಂತಿದೀರಂತೆ. ನಾವು ಒಂದೇ ಕುಟುಂಬ" ಎಂದೆ. ಅವರು ರಸೀದಿಗಳನ್ನು ಎಷ್ಟೋ ಹೊತ್ತು ತಿರುವಿ ಹಾಕಿ, "ಇಂಥ ಬಾಡಿಗೆದಾರರು ಇರ್ತಾರೆ ಅಂತಾನೇ ಗೊತ್ತಿರ್ಲಿಲ್ಲ" ಎಂದರು. ನನ್ನ ತೂತು ಬಕೆಟ್ಟಿನ ಚೀಟಿಗಳು ಅಣ್ಣ, ನೀನು ಪಕ್ಕದಲ್ಲಿರಬೇಕಿತ್ತು.

ಐದು ವರ್ಷಕ್ಕೆ ಒಪ್ಪಿದ್ದಾರೆ. ಬಿಡಿಸುವುದಾದರೆ ಆರು ತಿಂಗಳ ಮುಂಚೆ ಬರವಣಿಗೆಯಲ್ಲಿ ಹೇಳಬೇಕು. ಬಾಡಿಗೆ ಎಷ್ಟು ಏರಿಸಬಹುದು ಎಂಬುದಕ್ಕೂ ಮಿತಿ ಇದೆ. ನೀರಿನ ಕೆಲಸವೆಲ್ಲ ಬಾಡಿಗೆದಾರರೇ ಮಾಡಿಕೊಳ್ಳುವುದು ಎಂದು ಬರೆಸಿದ್ದೇನೆ, ಆ ಸಾಲು ಓದಿ ನಿನ್ನ ಸಲಕರಣೆ ಚೀಲ ಹುಡುಕು. ಮೇಲಿನ ಕೋಣೆಗೆ ನಾನು ಬರುತ್ತೇನೆ. ಅದರ ಬಾಡಿಗೆ ನಾನೇ ಕಟ್ಟುತ್ತೇನೆ. ಗೋಡೆ ಬಿಳಿಯೇ ಇರಬೇಕಂತೆ, ಅದರಲ್ಲಿ ಅವರು ಜಗ್ಗಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಎದುರಿಗೆ ಕೂರಿಸಿಕೊಂಡು ಬೈಯುವುದು ಬಾಕಿ ಇದೆ. ನಿನ್ನ ಕಿವಿಗೆ ಕೇಳಬೇಕಾದರೆ ಜೋರಾಗಿಯೇ ಬೈಯಬೇಕು, ಬೀದಿಯವರಿಗೂ ಗೊತ್ತಾಗಲಿ. ಮಗಳಿಗೆ ನಿಜ ಹೇಳು, ನಾನು ಬರುವುದರೊಳಗೆ.

ಕರಾರು ಬರೆಯುವಾಗ ಅಂಗಡಿಯಮ್ಮ, "ಯಾರಾದ್ರೂ ಒಬ್ಬರ ಹೆಸರು ಸಾಕಲ್ವಾ? ನಿಮ್ಮಣ್ಣಂದೇ ಹಾಕ್ಲಾ?" ಎಂದು ಕೇಳಿದರು. ಸಾಲದು ಎಂದೆ. ಅಪ್ಪನ ಕಾಲದಿಂದ ಆ ಮನೆಯ ಕಾಗದದಲ್ಲಿ ಅಮ್ಮನ ಹೆಸರಿರಲಿಲ್ಲ, ಅತ್ತಿಗೆಯದೂ ಇರಲಿಲ್ಲ, ನನ್ನದು ಬಿಟ್ಟುಕೊಡುವಾಗ ಮಾತ್ರ ಬಂತು.

ಎರಡು ಪ್ರತಿ ಇಟ್ಟಿದ್ದೇನೆ. ಕೊನೆಯ ಹಾಳೆಯಲ್ಲಿ ಸಹಿಗೆ ಮೂರು ಗೆರೆ ಇದೆ. ಮೊದಲನೆಯದರಲ್ಲಿ ನಾನು ಹಾಕಿದ್ದೇನೆ. ಎರಡನೆಯದು ಅತ್ತಿಗೆಯದು, ಅವರು ಪೂರ್ತಿ ಓದಿ ಹಾಕಲಿ, ನೀನು ಅವಸರ ಮಾಡಬೇಡ. ಮೂರನೆಯದು ನಿನ್ನದು.

ಚೋಟು